ಉಫ್ ಅಂದರೆ ಎಲ್ಲ ಸರಿಹೋಗುತ್ತಾ?

ನಮ್ಮ ಭಾವನಿಗೆ ಯಾವುದನ್ನು ಕಂಡರೂ ಊದುವ ಚಟ. ಸಿಮ್ ಕಾರ್ಡ್ ಕೆಲಸ ಮಾಡಲಿಲ್ಲವೋ, ಉಫ್. ರಿಮೋಟ್ ಸತ್ತಿತೋ, ಸೆಲ್ ತೆಗೆದು ಉಫ್. ಚಾರ್ಜರ್ ಪಿನ್, ಗ್ಯಾಸ್ ಬರ್ನರ್, ಸೆಟ್ ಟಾಪ್ ಬಾಕ್ಸಿನ ಹಿಂಭಾಗ, ಯಾವುದನ್ನೂ ಬಿಟ್ಟವರಲ್ಲ. ಈ ಸಲ ನನ್ನ ವಿಡಿಯೋ ಗೇಮ್ ಕ್ಯಾಸೆಟ್ಟಿನ ಸರದಿ.

ಅಟ್ಟದಲ್ಲಿ ಸಿಕ್ಕಿದ್ದು. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಸೆಟ್ಟು, ಜೊತೆಗೆ ಹಳದಿ ಕ್ಯಾಸೆಟ್. ಮೇಲೆ '9999999 ಇನ್ 1' ಅಂತ ಬರೆದಿದೆ. ಒಳಗಿರೋದು ಬೆರಳೆಣಿಕೆ ಗೇಮು, ಉಳಿದದ್ದೆಲ್ಲ ಅದೇ ಮಾರಿಯೋನನ್ನು ಬೇರೆ ಬೇರೆ ಕಡೆಯಿಂದ ಓಡಿಸೋದು. ಇರಲಿ.

ಮೊಬೈಲ್ ರಿಪೇರಿಯವನ ಹತ್ತಿರ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಇಯರ್‌ಬಡ್ ಅದ್ದಿ, ಒಂದೊಂದೇ ಪಿನ್ ಒರೆಸಿದೆ. ಒಂದು ಕಡೆ 30, ಇನ್ನೊಂದು ಕಡೆ 30. ಬಡ್ಡು ಕಾಡಿಗೆ ಕಪ್ಪಾಯಿತು. ಆರಲಿ ಅಂತ ಪೇಪರ್ ಮೇಲಿಟ್ಟು ಕಾಫಿಗೆ ಹೋದೆ, ಅಷ್ಟೇ. ಬರುವಷ್ಟರಲ್ಲಿ ಭಾವ ಕ್ಯಾಸೆಟ್ಟನ್ನು ತುಟಿಗಿಟ್ಟುಕೊಂಡು ಮೌತ್ ಆರ್ಗನ್ ಥರ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಊದುತ್ತಿದ್ದರು. ಬಾಯಲ್ಲಿ ಎಲೆ ಅಡಿಕೆ! ಪಳಪಳ ಹೊಳೆಯುತ್ತಿದ್ದ ಪಿನ್ನುಗಳ ಮೇಲೆ ಕೆಂಪು ತುಂತುರು.

'ಊದಬಾರದು ಭಾವ, ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತೆ, ನಿಂಟೆಂಡೊದವರೇ ಬೇಡ ಅಂದಿದ್ದಾರೆ' ಅಂದೆ. ಅವರು ಮಾತಾಡಲಿಲ್ಲ. ಸುಮ್ನೆ ಕ್ಯಾಸೆಟ್ ಸಿಕ್ಕಿಸಿ ಸ್ವಿಚ್ ಹಾಕಿದರು. ಆ ದರಿದ್ರ ಗೇಮು ಬಂದೇಬಿಡ್ತು! 'ನೋಡಿದ್ಯಾ?' ಅಂದರು. ಉಜ್ಜಿದವನು ನಾನು, ಹೆಸರು ಉಸಿರಿಗೆ. ಅದು ಬಿಡಿ, ಆ ಕಾಲದಲ್ಲೂ ಊದಿದ್ದರಿಂದ ಏನೂ ಆಗುತ್ತಿರಲಿಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ನು ಸರಿಯಾಗಿ ಕೂರುತ್ತಿತ್ತು, ಅಷ್ಟೇ.

ಆದರೂ ಆ ಟ್ಯೂನ್ ಕೇಳಿದ್ದೇ ತಡ, ಇಬ್ಬರೂ ಚಾಪೆ ಮೇಲೆ ಕೂತುಬಿಟ್ಟೆವು. ದಸರಾ ರಜೆಯಲ್ಲಿ ಟಿವಿ ಇದ್ದವರ ಮನೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ಹುಡುಗರೆಲ್ಲ ಈಗ ಯಾವ ಯಾವ ಊರಲ್ಲಿದ್ದಾರೋ. ಅವತ್ತು ಜೋರಾಗಿ ಊದುವವನಿಗೇ ಮೊದಲ ಚಾನ್ಸು. ಭಾವ ಕೂಡ ಎಲ್ಲೋ ಹಾಗೇ ಗೆದ್ದು ಬಂದವರಿರಬೇಕು.

ಹೋಗುವಾಗ ಬಾಗಿಲಲ್ಲಿ ನಿಂತು, 'ಭಾನುವಾರ ಸ್ಯಾಂಡ್‌ಪೇಪರ್ ತರ್ತೀನಿ, ಉಜ್ಜಿದ್ರೆ ಹೊಸದರ ಥರ ಆಗುತ್ತೆ' ಅಂದರು. ಸ್ಯಾಂಡ್‌ಪೇಪರ್! ಪಿನ್ನಿನ ಮೇಲಿನ ಲೇಪವೇ ಎದ್ದುಹೋಗುತ್ತೆ. ಭಾನುವಾರ ನಾವು ಊರಲ್ಲಿರಲ್ಲ ಅಂತ ಅಕ್ಕನಿಗೆ ಆಗಲೇ ಮೆಸೇಜ್ ಹಾಕಿಯಾಗಿದೆ.