ಪರ-ವಿರೋಧ: ಡಿಗ್ರಿಗೇ ಅಂತರರಾಷ್ಟ್ರೀಯ ಸಂಬಂಧ ಓದಬೇಕಾ?

ಪರ: ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ

ನಮ್ಮ ತೋಟ ಸಕಲೇಶಪುರದ ಹತ್ತಿರ. ಹನ್ನೆರಡು ಎಕರೆ, ಹೆಚ್ಚಿನದು ರೊಬಸ್ಟಾ ಕಾಫಿ. ಒಂದು ದಿನ ಅಪ್ಪ ಫೋನ್ ಮಾಡಿ, "ಕಾಫಿ ಕೊಳ್ಳೋರು ತೋಟದ ಗಡಿನ ಮೊಬೈಲಲ್ಲಿ ಗುರುತು ಮಾಡ್ಕೊಡಿ ಅಂತಿದಾರೆ ಮಗಾ, ನಮ್ಮ ಬೇಲಿ ಕಟ್ಕೊಂಡು ಯುರೋಪಿನೋರಿಗೆ ಏನಾಗಬೇಕು?" ಅಂತ ಕೇಳಿದರು. ದನಿಯಲ್ಲಿ ಭಯ ಇತ್ತು. ಜಮೀನಿನ ದಾಖಲೆ ಯಾರೇ ಕೇಳಿದರೂ ನಮ್ಮೂರಲ್ಲಿ ಹಾಗೇ.

ನಾನು ಬೆಂಗಳೂರಿನಲ್ಲಿ ಮೂರು ವರ್ಷ ಅಂತರರಾಷ್ಟ್ರೀಯ ಸಂಬಂಧ ಓದಿದವಳು, ಅದಕ್ಕೇ ಅವತ್ತು ಉತ್ತರ ಹೇಳಲು ಬಂತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಅಲ್ಲಿ ಮಾರುವ ಹಾಗಿಲ್ಲ. ಜಮೀನು 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ, ದಾಟಿದರೆ ಸುತ್ತಲಿನ ಗಡಿ ಪೂರ್ತಿ ತೋರಿಸಬೇಕು. ನಮ್ಮದು ಸ್ವಲ್ಪ ದಾಟುತ್ತದೆ. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ಕೊಳ್ಳುವವರು ಆಗಲೇ ಕೇಳಲು ಶುರು ಮಾಡಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕ, ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿಯೇ ದೊಡ್ಡ ಗಿರಾಕಿ. ಸುಮ್ನೆ ಬಿಡುವ ವಿಷಯವಾ ಇದು?

ಈಗ ಹೇಳಿ, ಇದು ಯಾವ ಡಿಪಾರ್ಟ್‌ಮೆಂಟಿನ ಪ್ರಶ್ನೆ? ಕಾಡಿನ ಮಾತು ಪರಿಸರದ್ದು. ಬಂದರಿನಲ್ಲಿ ಮಾಲು ತಡೆಯುವ ಹಕ್ಕು ಕಾನೂನಿನದು. ನಕ್ಷೆ ಮಾಡಿಸುವ ಖರ್ಚು ದೊಡ್ಡ ಎಸ್ಟೇಟಿನ ಮೇಲೋ ನಮ್ಮಂಥವರ ಮೇಲೋ ಅನ್ನುವುದು ಅರ್ಥಶಾಸ್ತ್ರ. ಮಲೆನಾಡಿನಲ್ಲಿ ಕಾಫಿ ಎಸ್ಟೇಟಿಗಾಗಿ ಕಾಡು ಕಡಿಸಿದವರಲ್ಲಿ ಬ್ರಿಟಿಷ್ ಪ್ಲಾಂಟರುಗಳೂ ಇದ್ದರು, ಅದು ಇತಿಹಾಸ. ಒಂದನ್ನೇ ಓದಿದವರು ಒಂದು ತುಂಡು ಹೇಳುತ್ತಾರೆ, ಅಪ್ಪನಿಗೆ ಪೂರ್ತಿ ಉತ್ತರ ಬೇಕಿತ್ತು. ಈ ವಿಷಯ ಹುಟ್ಟಿದ್ದೂ ಹೀಗೇ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಇದರ ಮೊದಲ ವಿಭಾಗ ಶುರುವಾಯಿತು. ಇಂಥ ಯುದ್ಧ ಮತ್ತೆ ಆಗದಿರಲು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಒಂದೇ ಶಾಸ್ತ್ರ ಸಾಕಾಗಲಿಲ್ಲ.

ಕೆಲಸ ಎಲ್ಲಿ ಸಿಗುತ್ತದೆ ಅಂತ ಕೇಳುವವರು, ಎಲ್ಲರೂ ಇಂಜಿನಿಯರಿಂಗೇ ಓದಲಿ ಅಂತ ನೇರವಾಗಿ ಹೇಳಿಬಿಡಲಿ.

ಮುಂದಿನ ಭಾನುವಾರ ಊರಿಗೆ ಹೋದೆ. ಅಪ್ಪ ಮುಂದೆ, ನಾನು ಫೋನ್ ಹಿಡಿದು ಹಿಂದೆ, ಬೇಲಿ ಗುಂಟ ನಡೆದೆವು. ಹಳ್ಳದ ಹತ್ತಿರ ಸಿಗ್ನಲ್ ಸಿಗದೆ ಎರಡು ಸಲ ವಾಪಸ್ ಬಂದೆವು. ಸಂಜೆ ಹೊತ್ತಿಗೆ ಗಡಿ ಪೂರ್ತಿಯಾಯಿತು, ಅಪ್ಪ ಅದನ್ನು ಪಕ್ಕದ ತೋಟದವರಿಗೂ ವಿವರಿಸುತ್ತಿದ್ದರು.

ವಿರೋಧ: ಮೊದಲು ಒಂದು ವಿಷಯ

ನಾನು ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು. ವಿರೋಧದ ಕಡೆ ಬರೆದುಕೊಡಿ ಅಂದರು, ಒಪ್ಪಿಕೊಂಡೆ. ಹಾಗಂತ ಈ ವಿಷಯದ ಮೇಲೆ ನನಗೆ ಕೋಪ ಏನಿಲ್ಲ. ಎಂ.ಎ.ಯಲ್ಲಿ ಧಾರಾಳವಾಗಿ ಓದಲಿ, ಡಿಗ್ರಿಗೇ ಬೇಡ ಅನ್ನುವುದಷ್ಟೇ ನನ್ನ ಮಾತು.

ವಿದೇಶಾಂಗ ಸೇವೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ನಿರುಪಮಾ ರಾವ್ ನಮ್ಮ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅವರು 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಜೈಶಂಕರ್ ಅವರ ಮೊದಲ ಡಿಗ್ರಿ ರಸಾಯನಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧ ಓದಿದ್ದು ಆಮೇಲೆ, ಜೆಎನ್‌ಯುನಲ್ಲಿ. ಕಾಫಿ, ಎಣ್ಣೆ, ಯುದ್ಧ ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿವೆ ಅನ್ನುತ್ತಾರೆ. ನಿಜ, ಆದರೆ ದಿನಾ ಪೇಪರ್ ಓದುವವರಿಗೂ ಅದು ಗೊತ್ತಿರುತ್ತದೆ, ಅಲ್ವಾ?

ಕಳೆದ ಜೂನ್‌ನಲ್ಲಿ ಒಬ್ಬ ಹುಡುಗಿ ಬೇರೆ ಕಾಲೇಜಿನಲ್ಲಿ ಈ ಡಿಗ್ರಿ ಮುಗಿಸಿ, ಎಂ.ಎ. ಅರ್ಥಶಾಸ್ತ್ರದ ಎಂಟ್ರೆನ್ಸ್‌ಗೆ ಹೇಳಿಕೊಡಿ ಸರ್ ಅಂತ ಬಂದಳು. ವಿಶ್ವ ವ್ಯಾಪಾರ ಸಂಸ್ಥೆಯ ಬಗ್ಗೆ ಒಂದು ಗಂಟೆ ಮಾತಾಡಬಲ್ಲಳು. ದೇಶದ ಆಮದು-ರಫ್ತಿನ ಲೆಕ್ಕದ ಪಟ್ಟಿ ಮುಂದಿಟ್ಟರೆ ಎಲ್ಲಿಂದ ಓದಬೇಕು ಅಂತ ತಿಳಿಯಲಿಲ್ಲ. ತುಂಬಾ ಚುರುಕು ಹುಡುಗಿ. ಆರು ಸೆಮಿಸ್ಟರಿನಲ್ಲಿ ಹತ್ತು ವಿಷಯ ಮುಟ್ಟಿಸಿದ್ದರು, ಒಂದನ್ನೂ ಕೂರಿಸಿ ಕಲಿಸಿರಲಿಲ್ಲ. ಈಗ ಪ್ರತಿ ಭಾನುವಾರ ಮನೆಗೆ ಬರುತ್ತಾಳೆ. ಪಿಯುಸಿ ಗಣಿತದಿಂದ ಶುರು ಮಾಡಿದ್ದೇವೆ.