ಸ್ಪಷ್ಟನೆ: ನೋವಿಲ್ಲವೆಂದು ಮೂಳೆಯ ಮಾತ್ರೆ ನಿಲ್ಲಿಸುವಂತಿಲ್ಲ

ಮೂಳೆ ಟೊಳ್ಳಾಗುವ ಕಾಯಿಲೆಯಾದ ಆಸ್ಟಿಯೋಪೊರೋಸಿಸ್‌ಗೆ ಕೊಡುವ ವಾರದ ಮಾತ್ರೆಯನ್ನು ನೋವು ಕಡಿಮೆಯಾದೊಡನೆ ನಿಲ್ಲಿಸಬಹುದು, ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ನುಂಗಿದರಾಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಮಂಡಿ ಸವೆಯುವುದನ್ನೂ ಮೂಳೆ ಟೊಳ್ಳಾಗುವುದನ್ನೂ ನಾವು ‘ಮೂಳೆ ಸವೆತ’ ಎಂದೇ ಕರೆಯುವುದರಿಂದ ಈ ಗೊಂದಲ ಹುಟ್ಟಿರಬೇಕು. ಮೊದಲನೆಯದು ನೋಯುತ್ತದೆ, ಎರಡನೆಯದು ಸಾಮಾನ್ಯವಾಗಿ ಮೂಳೆ ಮುರಿಯುವವರೆಗೂ ಸುಳಿವು ಕೊಡುವುದಿಲ್ಲ. ಹೆಚ್ಚಾಗಿ ಬರೆದುಕೊಡುವ ಅಲೆಂಡ್ರೋನೇಟ್ 70 ಮಿ.ಗ್ರಾಂ ಮಾತ್ರೆಯನ್ನು ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೋಟದ ತುಂಬ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ 30 ನಿಮಿಷ ಮಲಗದೆ, ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳು ಔಷಧವು ಮೈಗೆ ಸೇರದಂತೆ ತಡೆಯುತ್ತವೆ. ನುಂಗಿದೊಡನೆ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ತಪ್ಪಿಹೋದರೆ ನೆನಪಾದ ಮರುದಿನ ಬೆಳಿಗ್ಗೆ ಒಂದನ್ನು ನುಂಗಿ, ವಾರದ ಎಂದಿನ ದಿನಕ್ಕೆ ಮರಳಬೇಕು.

ಏಳುತ್ತಲೇ ಫಿಲ್ಟರ್ ಕಾಫಿ ಬೇಕೆನ್ನುವ ಅಜ್ಜಿಗೆ ಈ ಅರ್ಧ ಗಂಟೆ ದೊಡ್ಡ ಶಿಕ್ಷೆಯೇ ಸರಿ. ಭಾನುವಾರ ಮೊದಲು ನೀರಿನ ಲೋಟವನ್ನು ಮುಂದಿಟ್ಟು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾಫಿ ಸಿದ್ಧವಾಗುವವರೆಗೆ ಜಗಲಿಯಲ್ಲಿ ಅವರೊಂದಿಗೆ ಮಾತಿಗೆ ಕೂರುವ ಮೊಮ್ಮಗ ಗದರಿ ನೆನಪಿಸುವವರಿಗಿಂತ ಹೆಚ್ಚು ನೆರವಾಗುತ್ತಾನೆ.

ಸುಮಾರು 5 ವರ್ಷಗಳ ಬಳಿಕ ಕೆಲವರಿಗೆ ವೈದ್ಯರೇ ಈ ಮಾತ್ರೆಗೆ ಬಿಡುವು ಕೊಡುವುದುಂಟು. ಆದರೆ ಇದೇ ಕಾಯಿಲೆಗೆ 6 ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಚುಚ್ಚುಮದ್ದಿಗೆ ಇದು ಅನ್ವಯಿಸದು. ಬದಲಿ ಔಷಧವಿಲ್ಲದೆ ಅದನ್ನು ನಿಲ್ಲಿಸಿದರೆ ಬೆನ್ನುಮೂಳೆಗಳು ಮುರಿಯುವ ಅಪಾಯ ಹೆಚ್ಚುತ್ತದೆ.