ಕಡೆಯುವ ಕಲ್ಲು

ಮರದ ತುಂಡನ್ನು ತಿರುಗಿಸಿ ಉರುಟು ಮಾಡುವ ಲೇತ್ ಯಂತ್ರ ನಮ್ಮ ಮನೆಗೆ ಬಂದ ಮೊದಲ ದಿನವೇ ನಡೆಯಲು ಕಲಿಯಿತು. ಸ್ವಿಚ್ಚು ಹಾಕಿ ಉಳಿ ಎತ್ತಿಕೊಳ್ಳುವಷ್ಟರಲ್ಲಿ ಮೇಜಿನ ಸಮೇತ ಎರಡು ಗೇಣು ಮುಂದೆ ಹೋಗಿತ್ತು. ನಾನೂ ಹಿಂದೆಯೇ ಹೋದೆ. ಇನ್ನೊಂದು ಗೇಣು ಹೋಗಿ, ವಯರು ಸಾಲದೆ, ತನ್ನ ಪ್ಲಗ್ಗನ್ನು ತಾನೇ ಕಿತ್ತುಕೊಂಡು ನಿಂತಿತು. ಒಳ್ಳೆಯದೇ ಆಯಿತು. ಗಾಬರಿಯಲ್ಲಿ ನನಗೆ ಸ್ವಿಚ್ಚು ಎಲ್ಲಿದೆ ಅಂತಲೇ ಮರೆತುಹೋಗಿತ್ತು.

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ದನ ಕೊಟ್ಟಾದ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ನಿವೃತ್ತಿಯಾದ ಮೇಲೆ ನಾನೂ ಹೆಚ್ಚುಕಡಿಮೆ ಹಾಗೇ. ಮರಗೆಲಸವಾದರೂ ಮಾಡೋಣ ಅಂತ ಮಂಗಳೂರಿನಿಂದ ಒಂದು ಹಳೆ ಲೇತ್ ಪಿಕಪ್ಪಿನಲ್ಲಿ ತರಿಸಿದೆ. ಅರ್ಧ ಎಚ್‌ಪಿ ಮೋಟಾರು, ಬೆಲ್ಟು, ಪುಲ್ಲಿ, ಎಲ್ಲ ಇತ್ತು. ಕಾಲು ಮಾತ್ರ ಇರಲಿಲ್ಲ. "ಕಾಲು ಎಂತದ್ದು, ಯಾವ ಮೇಜಾದ್ರೂ ಆಗ್ತದೆ ಮಾರಾಯ್ರೆ" ಅಂದಿದ್ದರು ಮಾರಿದವರು. ಅವರಿಗೆ ಆಗುತ್ತಿತ್ತು, ದುಡ್ಡು ಎಣಿಸಲು ಯಾವ ಮೇಜಾದರೂ ಸಾಕಲ್ವಾ.

ಹಟ್ಟಿಯ ನೆಲ ಗಂಜಲ ಹರಿದುಹೋಗಲೆಂದೇ ಓರೆಯಾಗಿ ಮಾಡಿದ್ದು, ಸಮವೂ ಅಲ್ಲ. ಅದರ ಮೇಲೆ ನಾಲ್ಕು ಕಾಲಿನ ಮೇಜು ಇಟ್ಟರೆ ಮೂರು ಕಾಲು ನೆಲಕ್ಕೆ, ಒಂದು ಗಾಳಿಗೆ. ಗಾಳಿಯ ಕಾಲಿಗೆ ಗೆರಟೆ ತುಂಡು ಕೊಟ್ಟೆ. ಲೇತ್ ಶುರುವಾದ ಕೂಡಲೇ ಗೆರಟೆ ಸಿಡಿದು ಬಾಗಿಲಾಚೆ ಹೋಗಿ ಕೋಳಿಗೆ ತಾಗಿತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಇದಾ, ಇಲ್ಲಿ ಲೋಟವೆಲ್ಲ ಕುಣೀತಾ ಉಂಟು. ಭೂಕಂಪವೋ, ನೀವೋ?"

ತಪ್ಪು ಮೇಜಿನದ್ದು ಮಾತ್ರ ಅಲ್ಲ. ಹಲಸಿನ ತುಂಡು ಉರುಟಾಗುವವರೆಗೆ ಒಂದು ಬದಿ ಭಾರವಾಗಿಯೇ ಇರುತ್ತದೆ. ಸೊಂಟದ ಒಂದೇ ಬದಿಗೆ ತುಂಬಿದ ಕೊಡಪಾನ ಇಟ್ಟುಕೊಂಡು ಗಿರಗಿರ ತಿರುಗಿ ನೋಡಿ, ಗೊತ್ತಾಗುತ್ತದೆ. ವೇಗ ಎರಡು ಪಾಲಾದರೆ ಆ ಎಳೆತ ನಾಲ್ಕು ಪಾಲು. ಹಾಗಾಗಿ ಶುರುವಿಗೆ ಬೆಲ್ಟನ್ನು ನಿಧಾನದ ಪುಲ್ಲಿಗೇ ಹಾಕಬೇಕು. ನಮ್ಮ ಮೋಟಾರೇ ನಿಮಿಷಕ್ಕೆ 1440 ಸುತ್ತಿನದು. ಬೇಗ ಮುಗಿಯಲಿ ಅಂತ ನಾನು ಅದನ್ನು ಇನ್ನೂ ಜೋರಿನ ಪುಲ್ಲಿಗೆ ಹಾಕಿದ್ದೆ. ಬೇಗ ಮುಗಿಯಿತು ನಿಜ. ಲಟ್ಟಣಿಗೆ ಆಗಬೇಕಾದ ತುಂಡು ನಡುಕಕ್ಕೆ ಗೀರು ಬಿದ್ದು, ಗೀರು ತೆಗೆಯಲು ಹೋಗಿ ಕಡೆಗೋಲಿನ ಹಿಡಿಯಷ್ಟಾಗಿ, ಕೊನೆಗೆ ಬುಗುರಿಯಾಯಿತು. ಮೊಮ್ಮಗ ಅದನ್ನು ಒಂದು ಸಲ ಬಿಟ್ಟು ನೋಡಿ ವಾಪಸ್ ಕೊಟ್ಟ.

ಆಚಾರಿಯನ್ನು ಕರೆಸಿದೆ. ಅವರು ಲೇತ್ ಕಡೆ ನೋಡಲೇ ಇಲ್ಲ. ಒಂದು ಬೆರಳಿನಿಂದ ಮೇಜಿನ ಮೂಲೆ ಒತ್ತಿದರು. ಮೇಜು ಆ ಬದಿಗೆ ಹೋಗಿ ಈ ಬದಿಗೆ ಬಂತು. "ಉಂದು ತೊಟ್ಟಿಲಾ ಅಣ್ಣೇರೆ?" ಅಂದರು.

ಅವರೇ ಹೊಸ ಸ್ಟ್ಯಾಂಡು ಕಟ್ಟಿದರು. ಹಳೆ ಮಾಡಿನ ಪಕ್ಕಾಸುಗಳು ಅಟ್ಟದಲ್ಲಿ ಇದ್ದವು, ಅವೇ ಕಾಲಾದವು. ಕಾಲುಗಳನ್ನು ಕೆಳಗೆ ಸ್ವಲ್ಪ ಅಗಲಿಸಿ, ಒಂದೊಂದನ್ನೂ ನೆಲದ ಓರೆಗೆ ಸರಿಯಾಗಿ ಕೊಯ್ದರು. ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಟ್ಟರು. ಚೌಕ ಎಷ್ಟು ಗಟ್ಟಿ ಮಾಡಿದರೂ ತಳ್ಳಿದರೆ ವಾಲುತ್ತದೆ, ಮುಕ್ಕೋಣ ವಾಲುವುದಿಲ್ಲ. ಇದನ್ನು ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆಚಾರಿಗೆ ಹೇಳಲಿಲ್ಲ. ಮೊಳೆ ತಂದರೆ ಮುಟ್ಟಲಿಲ್ಲ. "ನಡುಗುವಲ್ಲಿ ಮೊಳೆ ನಿಲ್ಲುದಿಲ್ಲ, ಅಲುಗಿ ಅಲುಗಿ ತಾನೇ ದಾರಿ ಮಾಡಿ ಹೊರಗೆ ಬರ್ತದೆ" ಅಂದರು. ಅರ್ಧ ಇಂಚಿನ ಹದಿನಾರು ಬೋಲ್ಟು, ವಾಷರು ಕೇಳಿದ್ದಕ್ಕೆ ಪೇಟೆಯ ಅಂಗಡಿಯವನು "ಪಾಲಂ ಪಣಿಯಾಣೋ ಮಾಷೇ?" ಅಂದ. ಹೌದು, ಸೇತುವೆಯೇ ಕಟ್ಟುತ್ತಿದ್ದೇನೆ ಅಂದೆ.

ಓಲಾಟ ನಿಂತಿತು. ನಡಿಗೆ ನಿಲ್ಲಲಿಲ್ಲ. ಕಾಲಡಿಗೆ ಹಳೆ ಟಯರಿನ ತುಂಡು ಕೊಟ್ಟೆವು, ಈಗ ಸದ್ದಿಲ್ಲದೆ ನಡೆಯಿತು. "ಮೈಯಲ್ಲಿ ಭಾರ ಇಲ್ಲ ಅದಕ್ಕೆ" ಅಂದರು ಆಚಾರಿ. ಸರಿ, ಮೂರಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ಎತ್ತರದ ಪೆಟ್ಟಿಗೆ ಮಾಡಿ ಕೆಳಗಿನ ಹಲಗೆಯ ಮೇಲಿಟ್ಟು ಒಣ ಮರಳು ತುಂಬಿದೆ. ಘನ ಅಡಿಗೆ ಸುಮಾರು 45 ಕಿಲೋ ಲೆಕ್ಕದಲ್ಲಿ ಎಪ್ಪತ್ತರ ಹತ್ತಿರ ಬಂತು. ಲೇತ್ ಗಪ್‌ಚಿಪ್. ಖುಷಿಯಲ್ಲಿ ಮುಚ್ಚಳ ನಾಳೆ ಮಾಡಿದರಾಯಿತು ಅಂತ ಬಿಟ್ಟೆ. ಬೆಳಿಗ್ಗೆ ನೋಡಿದರೆ ನಮ್ಮ ಬೆಕ್ಕಿಗೆ ಜನ್ಮದಲ್ಲಿ ಕಾಣದಂಥ ಕಕ್ಕಸು ಸಿಕ್ಕಿತ್ತು. ಅದು ನೆರೆಮನೆಯ ಎರಡು ಬೆಕ್ಕುಗಳಿಗೂ ಹೇಳಿತ್ತು ಅಂತ ಕಾಣುತ್ತದೆ. ಮೂಗು ಮುಚ್ಚಿಕೊಂಡು ಮರ ಕಡೆಯಲು ಆಗುವುದಿಲ್ಲ, ಎರಡು ಕೈಯೂ ಬೇಕು.

ಮರಳು ಹೊತ್ತು ಹೊರಗೆ ಹಾಕುವಾಗ ಹೆಂಡತಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. "ಅತ್ತೆ ಅಷ್ಟು ವರ್ಷ ಕಡೆದರು. ಕಲ್ಲು ಒಂದು ದಿನ ಅಲುಗಿದ್ದು ನಾನು ಕಂಡಿಲ್ಲ" ಅಂದಳು, ಸುಮ್ನೆ, ಯಾರಿಗೂ ಅಲ್ಲ ಎಂಬಂತೆ.

ನಾನು ಬುಟ್ಟಿ ಕೆಳಗಿಟ್ಟೆ. ಹಿಟ್ಟು ಕಡೆಯುವುದು, ಮಜ್ಜಿಗೆ ಕಡೆಯುವುದು, ಮರ ಕಡೆಯುವುದು. ನಮ್ಮಲ್ಲಿ ಮೂರಕ್ಕೂ ಒಂದೇ ಮಾತು. ಗ್ರೈಂಡರು ಬಂದ ದಿನ ಹೊರಬಿದ್ದ ಅಮ್ಮನ ಕಡೆಯುವ ಕಲ್ಲು ಬಾವಿಕಟ್ಟೆಯ ಹತ್ತಿರ ಮಳೆನೀರು ತುಂಬಿಕೊಂಡು ಕೂತಿತ್ತು. ನಾಲ್ಕು ಜನ ಸೇರಿ, ಒಂದು ಅಡಿಕೆ ಮರದ ಸಲಾಕೆ ಮುರಿದು, ನನ್ನ ಕಾಲಿನ ಒಂದು ಉಗುರು ಕಪ್ಪಾಗಿ, ಅದು ಹಟ್ಟಿಗೆ ಬಂತು. ಕೆಳಗಿನ ಹಲಗೆಯ ಮೇಲೆ ಕೂರಿಸಿ, ನಾಲ್ಕು ಸುತ್ತ ಮರದ ಬೆಣೆ ಹೊಡೆದು, ಎದುರಿಗೆ ಅಡ್ಡಪಟ್ಟಿ ಬೋಲ್ಟು ಮಾಡಿದರು ಆಚಾರಿ. ಲೇತಿನ ಮೇಲೆ ಕಾಫಿ ಲೋಟ ಇಟ್ಟು ಸ್ವಿಚ್ಚು ಹಾಕಿದೆ. ಕಾಫಿಯ ನಡುವೆ ಸಣ್ಣದೊಂದು ಉಂಗುರ ಎದ್ದಿತು, ಅಷ್ಟೇ. ಲಟ್ಟಣಿಗೆ ಲಟ್ಟಣಿಗೆಯಾಗಿಯೇ ಮುಗಿಯಿತು.

ಆಟಿ ತಿಂಗಳ ಮಳೆಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲ. ಎರಡನೇ ದಿನ ಸಂಜೆ ಹೆಂಡತಿ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಹಟ್ಟಿಯ ಬಾಗಿಲಲ್ಲಿ ನಿಂತಳು. ಬೆಳಿಗ್ಗೆ ಮಗಳು, ಅಳಿಯ ಬರುವವರು. ಬೋಲ್ಟು ಬಿಚ್ಚಿ ಕಲ್ಲು ಇಳಿಸಲು ಮತ್ತೆ ನಾಲ್ಕು ಜನ ಬೇಕು, ಆ ಮಳೆಗೆ ಯಾರು ಬರುತ್ತಾರೆ?

ಕಲ್ಲಿನ ಗುಳಿಯ ತುಂಬ ಹಲಸಿನ ಹಳದಿ ಹೊಟ್ಟು. ಅದನ್ನು ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುವುದುಂಟು. ನಮ್ಮ ದೋಸೆಗೆ ಬೇಡ ಅಂತ ಮೂರು ಸಲ ತೊಳೆದೆ. ಬಾವಿಕಟ್ಟೆಯಿಂದ ಗುಂಡು ತಂದು, ಲೇತಿನ ಅಡಿಗೆ ತಲೆ ತೂರಿಸಿ, ಕಾಲು ಮಡಚಿ ಕೂತು ಕಡೆಯಲು ಶುರುಮಾಡಿದೆ. ಸುತ್ತಿಗೊಂದು ಸಲ ತಲೆ ಮೇಲಿನ ಕಬ್ಬಿಣಕ್ಕೆ ತಾಗುತ್ತಿತ್ತು. ಹೆಂಡತಿ ಟಾರ್ಚು ಹಿಡಿದು ನಿಂತಿದ್ದಳು. ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಮೆಲ್ಲ ಮಾರಾಯ್ರೆ, ಲೇತ್ ಅಲುಗ್ತಾ ಉಂಟು."